ಬಲೆಯಿಲ್ಲದ ಗೋಲು

ಮಹದೇವು,

೧೯೬೮ರ ಫುಟ್‌ಬಾಲ್ ಸೆಮಿಫೈನಲ್ಲಿನಲ್ಲಿ ಕೊಳ್ಳೇಗಾಲದವರು ಒದ್ದ ಚೆಂಡು ಕಂಬದ ಹೊರಗೆ ಹೋಗಿದ್ದರೂ ರೆಫರಿ ಸದಾಶಿವಪ್ಪ ಗೋಲು ಕೊಟ್ಟರು. ನಮ್ಮ ಹನೂರು ಸೋತಿತು. ಗೋಲು ಕಾಯುತ್ತಿದ್ದ ನೀನು ಬೇಕೆಂದೇ ಚೆಂಡು ಬಿಟ್ಟೆಯೆಂದು ನಮ್ಮವರೇ ಆಡಿಕೊಂಡರು. ನೀನು ಊರು ಬಿಟ್ಟೆ, ಹೆಣವಾಗಿ ಮರಳಿದೆ.

ಇಂದು ಕೊಳ್ಳೇಗಾಲದ ಹೋಟೆಲಿನಲ್ಲಿ ಮತ್ತೆ ಅದೇ ಜಗಳ. "ಗೋಲೇ ಕಣ್ಲಾ, ನಿಮ್ಮೋನು ನಿಂತ್ಕಂಡೇ ನಿದ್ದೆ ಒಡೀತಿದ್ದ" ಎಂದ ಅವರ ಕಡೆಯ ನಾಗಯ್ಯ. ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಸದಾಶಿವಪ್ಪ ನಕ್ಕರು: "ಕಂಬಕ್ಕೆ ಬಲೆ ಎಲ್ಲಿತ್ತು? ನಂಗೂ ಕಾಣ್ನಿಲ್ಲ ಕಣ್ರಿ. ಜನ ಕೂಗುದ್ರು, ಸೀಟಿ ಊದ್ಬುಟ್ಟೆ."

ಅಂದು ನಾನು ಆ ಕಂಬದ ಪಕ್ಕದಲ್ಲೇ ನಿಂತಿದ್ದೆ, ಚೆಂಡು ಹೊರಗೆ ಹೋದದ್ದನ್ನು ಕಂಡಿದ್ದೆ. ಬಸ್ಸು ಆ ಆಟದ ಮೈದಾನ ದಾಟುವಾಗಲೆಲ್ಲ ನೀನು ಇನ್ನೂ ಗೋಲಿನಲ್ಲೇ ನಿಂತಂತೆ ನನ್ನತ್ತ ತಿರುಗುತ್ತೀಯೆ: "ನೀನಾರೂ ಯೋಳ್ಲಾ."

ಸದಾಶಿವಪ್ಪ ಹನೂರಿಗೆ ಬರಲಿ. ಹೋಟೆಲಿನಲ್ಲಿ ನಗುತ್ತ ಆಡಿದ ಮಾತನ್ನು ಸಂತೆಮಾಳದಲ್ಲಿ, ನಿನ್ನ ತಾಯಿ ರಾಮಮ್ಮನ ಎದುರು ನಿಂತು, ಊರೆಲ್ಲ ಕೇಳುವಂತೆ ಹೇಳಲಿ.