ಗೋಡೆಯಲ್ಲಿ ಸಿಕ್ಕ ಹೆಸರು

ದಮ್ಯಾನಾ ಅಕ್ಕಾ,

ಮೊಮ್ಮಗ ಹುಟ್ಟಿ ನಾನು ಅಜ್ಜನಾದ ಸುದ್ದಿ ಈ ಮರಳುಗಾಡಿಗೂ ಬಂದು ಮುಟ್ಟಿತು. ಶುಕ್ರವಾರ ಮಗುವಿನ ಏಳನೇ ದಿನ ಹೆಸರಿಗೊಂದು ಮೇಣದಬತ್ತಿ ಹಚ್ಚುವಾಗ ನಾನು ಆರಿಸಿದ ಹೆಸರಿನದೂ ಒಂದಿರಲಿ ಎಂದು ಮಗಳು ಹೇಳಿ ಕಳಿಸಿದ್ದಾಳೆ. ಕೊನೆಯವರೆಗೂ ಉರಿದ ಬತ್ತಿಯ ಹೆಸರೇ ಮಗುವಿಗೆ. ಎಷ್ಟು ಯೋಚಿಸಿದರೂ ನನಗೊಂದೂ ಹೊಳೆದಿರಲಿಲ್ಲ.

ಇವತ್ತು ಬೆಳಿಗ್ಗೆ ಅಗೆತದ ಕೆಲಸದಲ್ಲಿ ಹಳೇ ಕಾಲದ ಸನ್ಯಾಸಿಯೊಬ್ಬನ ಕೋಣೆಯಿಂದ ಮರಳು ತೆಗೆಯುತ್ತಿದ್ದೆವು. ಪ್ರಾರ್ಥನೆಯ ಗೂಡಿನ ಪಕ್ಕ, ಸುಣ್ಣದ ಗೋಡೆಯ ಮೇಲೆ ಕೆಂಪು ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಇಗರ್ಜಿಯಲ್ಲಿ ಕಲಿತ ಕಾಪ್ಟಿಕ್ ಅಕ್ಷರ ತಾನೇ, ಕೂಡಿಸಿಕೊಂಡು ಓದಿದೆವು: ‘ನಾನು ಹದ್ರಾ, ರೊಟ್ಟಿ ಸುಡುವವನು. ನನ್ನನ್ನು ನೆನೆಯಿರಿ.’ ಸಾವಿರದ ಮೇಲೆಷ್ಟೋ ವರ್ಷ ಮರಳಿನಡಿ ಕಾದಿದ್ದಾನೆ, ಪಾಪ. ಎಲ್ಲರೂ ಕುಂಚ, ಬುಟ್ಟಿ ಕೆಳಗಿಟ್ಟು, ಅವನ ಹೆಸರು ಹೇಳಿ ಶಿಲುಬೆಯ ಗುರುತು ಹಾಕಿಕೊಂಡೆವು.

ಮೇಸ್ತ್ರಿ ವಾನಿಸ್ ನನ್ನ ಬೆನ್ನಿಗೊಂದು ಗುದ್ದಿ, “ಏನ್ ಅಜ್ಜಪ್ಪಾ, ಹೆಸರು ಸಿಕ್ತಲ್ಲ. ಆದ್ರೆ ನಿಮ್ ಬೀಗತಿ ಒಪ್ತಾರಾ? ಆಯಮ್ಮಂಗೆ ದೊಡ್ ಸಂತರ ಹೆಸರೇ ಆಗ್ಬೇಕಲ್ಲ” ಅಂದ.

“ಬತ್ತಿ ಒಪ್ಪಿದ್ರೆ ಸಾಕು ಬಿಡಯ್ಯ. ದಿನಾ ರೊಟ್ಟಿ ತಿನ್ನೋರು ರೊಟ್ಟಿ ಸುಡೋನ್ನ ಬೇಡ ಅಂತಾರಾ?” ಅಂದೆ.

ನನ್ನ ಮಂಡಿನೋವು ವಾಸಿ, ಒಣ ಹವೆ ಒಗ್ಗಿದೆ. ರೊಟ್ಟಿ ತರುವ ವ್ಯಾನು ನಮ್ಮೂರ ಕಡೆಗೇ ಹೊರಟಿದೆ, ಈ ಕಾರ್ಡು ಅದರಲ್ಲೇ ಬರುತ್ತದೆ. ಬತ್ತಿ ಹಚ್ಚುವವಳು ನೀನೇ ಅಲ್ಲವೇ ಅಕ್ಕಾ, ಹದ್ರಾನದನ್ನು ಗಾಳಿ ತಾಗದ ಮೂಲೆಯಲ್ಲಿಡು. ಬೀಗತಿಯದು ಕಿಟಕಿಯ ಹತ್ತಿರವಿದ್ದರೂ ಚಿಂತೆಯಿಲ್ಲ.

ನಿನ್ನ ತಮ್ಮ,
ಸಿದ್ರಾಕ್