ಒಪ್ಪಿಗೆ ಕೊಟ್ಟ ಮೇಲೆ ತಂಗಿಗೆ

ತಂಗಿಗೆ ಅಣ್ಣನ ಆಶೀರ್ವಾದ.

ನಿನ್ನ ಭುಜದ ಮೂಳೆ ಕೂಡಿತೇ? ಅವತ್ತು ನನ್ನ ಹೊಟ್ಟೆನೋವು ಕೆರಳಿದಾಗ ನೀನು ಬಿಸಿನೀರು ತಂದೆ, ನಾನು ನೋವಿನಲ್ಲಿ ಬುದ್ಧಿ ಕೆಟ್ಟು ಮರಗೆಲಸದ ಕೊಡತಿ ಬೀಸಿದೆ. ಒಣಹಲಗೆ ಸೀಳಿದಂತೆ ಸದ್ದಾಯಿತು. ಮತ್ತೆ ಎತ್ತಿದ್ದೆ, ನಿನ್ನ ಅಳಿಯ ಹಿಡಿಯದಿದ್ದರೆ ತಲೆಗೇ ಬೀಳುತ್ತಿತ್ತು.

ಡಾಕ್ಟರು ಹೇಳಿದರು: "ಮೇದೋಜೀರಕ ಗ್ರಂಥಿ ಪೂರ್ತಿ ಕೆಟ್ಟಿದೆ. ತೆಗೆದರೆ ನೋವು ಬಹುಪಾಲು ಹೋಗುತ್ತದೆ, ಸಕ್ಕರೆ ಕಾಯಿಲೆ ಮಾತ್ರ ಖಂಡಿತ." ದಿನಕ್ಕೆ ನಾಲ್ಕು ಇನ್ಸುಲಿನ್ ಸೂಜಿ. ಇರಲಿ, ನಿನ್ನ ಮಾತಿಗಿಂತ ಚೂಪೇನಲ್ಲ.

ಸಕ್ಕರೆ ತೀರ ಇಳಿದರೆ ಆಗಲೂ ಬುದ್ಧಿ ಕೆಟ್ಟು ಹೊಡೆಯಬಹುದಂತೆ. ಆದರೆ ಸಾಮಾನ್ಯವಾಗಿ ಮೊದಲು ಬೆವರು, ನಡುಕ ಬರುತ್ತದಂತೆ. ಈ ನೋವು ಅಷ್ಟು ಸಮಯವನ್ನೂ ಕೊಡುವುದಿಲ್ಲ. ಅದಕ್ಕೇ ಆಪರೇಷನ್ನಿಗೆ ಒಪ್ಪಿದೆ.

ನಡುಕ ಕಂಡಾಗ ಸಕ್ಕರೆ ನೀರು ಕೊಡಲು ಮನೆಯಲ್ಲಿ ಯಾರಿದ್ದಾರೆ ಎಂದು ಡಾಕ್ಟರು ಕೇಳಿದರು. ನಿನ್ನ ಹೆಸರು ಬಾಯಿಗೆ ಬಂತು, ಹೇಳಲಿಲ್ಲ. ನಿನ್ನನ್ನು ಕೇಳದೆ ಹೇಳುವ ಮುಖ ನನಗಿಲ್ಲ. ನೀನು ಮಗಳ ಮನೆಯಲ್ಲೇ ಇರುತ್ತೇನೆ ಎಂದರೆ ನನಗೆ ಬೇಸರವಿಲ್ಲ, ಯಾರನ್ನಾದರೂ ಗೊತ್ತುಮಾಡಿಕೊಳ್ಳುತ್ತೇನೆ.

ಬರುವುದಾದರೆ, ನಿನ್ನ ಕೋಣೆಗೆ ಒಳಚಿಲಕ ಹಾಕಿಸಿದ್ದೇನೆ. ಪಕ್ಕದ ಮನೆಯವರನ್ನು ಒಳಗೆ ನಿಲ್ಲಿಸಿ, ಹೊರಗಿನಿಂದ ಮೈಯ ಬಲವೆಲ್ಲ ಹಾಕಿ ಒದ್ದು ನೋಡಿದೆ. ಬಾಗಿಲು ತೆರೆಯಲಿಲ್ಲ.

ನಿನ್ನ ಅಣ್ಣ