ಮೂರು ದಿನಕ್ಕೆ ಬರುವ ಒರ್ನೆಲ್ಲಾ ಅವರಿಗೆ

ಸಿನ್ಯೋರಾ ಒರ್ನೆಲ್ಲಾ,

ಮೊದಲು ‘ಪ್ರಿಯ’ ಎಂದು ಬರೆದಿದ್ದೆ. ಮನಸ್ಸು ಒಪ್ಪಲಿಲ್ಲ, ಹಾಳೆ ಬದಲಿಸಿದೆ. ಶುಕ್ರವಾರ ನೀವು ಮಿಲಾನಿನಲ್ಲಿ ರೈಲು ಹತ್ತುವ ಮೊದಲೇ ಇದು ಕೈಸೇರಲಿ ಎಂದು ತುರ್ತು ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಾನು ನೆವೆಂಕಾ, ಎಗೊನ್‌ನ ಹೆಂಡತಿ. ಗುರುತು ಸಿಗದಿದ್ದರೆ, ನಿಮ್ಮ ಮೇಜಿಗೆ ಬೇಯಿಸಿದ ಮೊಟ್ಟೆ ತಂದಿಡುತ್ತಿದ್ದಳಲ್ಲ, ಅವಳು.

ಮೂರು ವರ್ಷದ ಹಿಂದೆ ನೀವು ಮೊದಲ ಸಲ ಬಂದದ್ದು ಕವಲುದಾರಿಯಲ್ಲಿ ನಾವು ಕಟ್ಟಿದ್ದ ಐವಿ ಸೊಪ್ಪಿನ ಕೊಂಬೆ ನೋಡಿಕೊಂಡು. ಕೊಂಬೆ ತೂಗುತ್ತಿದ್ದರೆ ಒಳಗಿನ ಮನೆಯಲ್ಲಿ ಅವರದೇ ತೋಟದ ವೈನ್ ಇದೆ, ಅವರೇ ಮಾಡಿದ ಹ್ಯಾಮ್ ಇದೆ, ಯಾರು ಬೇಕಾದರೂ ಬಂದು ಕೂರಬಹುದು ಎಂದು ನಮ್ಮ ಕಾರ್ಸೊ ಗುಡ್ಡದಲ್ಲಿ ಹಸುಗೂಸಿಗೂ ಗೊತ್ತು. ಪೀಪಾಯಿ ಬರಿದಾಗುವ ತನಕ ಕೊಂಬೆ ಇಳಿಸುವ ಹಾಗಿಲ್ಲ, ಕೊಂಬೆ ನೋಡಿ ಬಂದವರನ್ನು ವಾಪಸು ಕಳಿಸುವ ಹಾಗಿಲ್ಲ. ಆ ಕಟ್ಟಳೆ ಇಲ್ಲದಿದ್ದರೆ ಎರಡನೇ ವರ್ಷವೇ ನಿಮ್ಮನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದೆ. ಮುಚ್ಚುಮರೆ ಯಾಕೆ.

ಊರಿಗೆ ಹೋಗಿ ನಿಮ್ಮ ಪತ್ರಿಕೆಯಲ್ಲಿ ಬರೆದಿರಿ: ‘ಯಾರೂ ಹೋಗದ ಊರುಗಳು, ಮೂರೇ ದಿನದಲ್ಲಿ ಮನಸ್ಸು ಗೆಲ್ಲುವ ಊರುಗಳು’. ಅದರಲ್ಲಿ ಗುಡ್ಡದ ಕೆಳಗಿನ ನಮ್ಮ ತ್ರಿಯೆಸ್ತೆ ನಾಲ್ಕನೆಯದು. ಯಾರೂ ಹೋಗದ ಊರಂತೆ. ನಾನು ಪ್ರತಿ ವಾರ ಸಂತೆಗೆ ಹೋಗುತ್ತೇನೆ, ಬಸ್ಸಿನಲ್ಲಿ ಕೂರಲು ಜಾಗ ಸಿಗುವುದಿಲ್ಲ. ವೆನಿಸ್‌ಗೆ ಓಡುವವರು ರೈಲಿನಲ್ಲಿ ಇನ್ನೆರಡು ಗಂಟೆ ಮುಂದೆ ಬಂದರೆ ಸ್ವರ್ಗವೇ ಇದೆ ಎಂದಿರಿ. ನಮ್ಮ ಹುಚ್ಚು ಗಾಳಿಯನ್ನು ಹೊಗಳಿದಿರಿ, ಕಾಫಿಯನ್ನು ಹೊಗಳಿದಿರಿ, ಅಂಗಳದ ಹಿಪ್ಪುನೇರಳೆ ಮರವನ್ನು ಹೊಗಳಿದಿರಿ. ನಮ್ಮ ನಾಯಿಯ ಹೆಸರೂ ಅಚ್ಚಾಗಿದೆ. ಎಗೊನ್ ಕೊಯ್ದ ಹ್ಯಾಮ್ ಎಷ್ಟು ತೆಳು ಎಂದರೆ ಅದರಾಚೆ ಸಮುದ್ರ ಕಾಣುತ್ತದೆ ಎಂದೂ ಇದೆ. ಎರಡು ಸಲ ಓದಿದೆ. ನಾನೆಲ್ಲೂ ಇಲ್ಲ. ಆ ಹಂದಿಗೆ ವರ್ಷವಿಡೀ ಕೂಳು ಹಾಕಿದವಳು, ಅದರ ತೊಡೆಗೆ ಉಪ್ಪು ತಿಕ್ಕಿ ತಿಕ್ಕಿ ಬೆರಳು ಬಿರಿಸಿಕೊಂಡವಳು ನಾನು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನೀವು ಬರೆದ ಮೇಲೆ ತ್ರಿಯೆಸ್ತೆ ಮದ್ದಾಯಿತು, ಎಗೊನ್ ಮದ್ದಾದ. ನಾನೊಬ್ಬಳು ಹಿತ್ತಲಲ್ಲೇ ಉಳಿದೆ.

ಆಮೇಲೆ ನೀವು ವರ್ಷಾ ವರ್ಷಾ ಬರತೊಡಗಿದಿರಿ. ನೀವು ಬರುವ ದಿನ ನನ್ನ ಗಂಡ ಬೆಳಗ್ಗೆಯೇ ಗಡ್ಡ ಬೋಳಿಸಿಕೊಳ್ಳುತ್ತಾನೆ. ಪಕ್ಕದ ಮನೆಯ ದ್ರಾಗಿತ್ಸಾ ಅಜ್ಜಿ ಗೋಡೆಯಾಚೆಯಿಂದಲೇ ಕೇಳಿದಳು: “ಏನೇ, ನಿನ್ ಗಂಡ ಮಿರಮಿರ ಮಿಂಚ್ತಾವ್ನೆ, ಇವತ್ತೇನು ಈಸ್ಟರ್ರಾ?” “ಇಲ್ಲಜ್ಜಿ, ಮಿಲಾನಿಂದ ಸವಾರಿ ಬರ್ತಿದೆ” ಅಂದೆ. “ಹುಷಾರು ಕಣೇ. ಮನೇಲಿರೋಳು ದಿನದ ಸೂಪು, ಬರೋಳು ಹಬ್ಬದೂಟ.” ನಕ್ಕುಬಿಟ್ಟೆ, ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಗಡ್ಡದ ವಿಷಯ ಹಾಗಿರಲಿ. ನಿಮ್ಮೆದುರು ಅವನು ಮಾತಾಡುತ್ತಾನೆ. ನನ್ನ ಹತ್ತಿರ ಅವನ ಮಾತೆಂದರೆ ‘ಉಪ್ಪು ಕೊಡು’, ‘ನಾಯಿ ಕಟ್ಟಿದ್ಯಾ’, ಅಷ್ಟೇ. ಕಳೆದ ವರ್ಷ ನಿಮಗೊಂದು ಕತೆ ಹೇಳಿದ. ಹದಿನಾರರಲ್ಲಿ ನಾವಿಕನಾಗಬೇಕೆಂದು ಮನೆ ಬಿಟ್ಟು ಓಡಿಹೋಗಿದ್ದನಂತೆ, ಬಂದರಿನ ಕಟ್ಟೆಯ ಮೇಲೆ ಗಂಟುಮೂಟೆ ಇಟ್ಟುಕೊಂಡು ಸಂಜೆಯವರೆಗೆ ಕೂತಿದ್ದನಂತೆ, ಹಸಿವಾಯಿತೆಂದು ವಾಪಸು ಬಂದನಂತೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ನಿಮ್ಮ ಎಂಜಲು ಲೋಟ ತೊಳೆಯುತ್ತಾ ನಾನು ಅದನ್ನು ಮೊದಲ ಸಲ ಕೇಳಿದೆ. ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ನನಗೇಕೆ ಹೇಳಲಿಲ್ಲ? ಹೊಟ್ಟೆಕಿಚ್ಚು ಎಂದರೆ ಏನೆಂದು ಅವತ್ತು ಗೊತ್ತಾಯಿತು ನನಗೆ. ನೀವು ಅವನನ್ನು ಕಿತ್ತುಕೊಂಡು ಹೋಗುತ್ತೀರೆಂದಲ್ಲ. ಅವನೊಳಗೆ ಅಂಥದ್ದೊಂದು ಇತ್ತು, ಅದು ಅತಿಥಿಯ ಪಾಲಾಯಿತು.

ಮೊನ್ನೆ ಭಾನುವಾರ ನಿಮ್ಮ ಫೋನು ಬಂತು, ಶುಕ್ರವಾರ ಬರುತ್ತೀರೆಂದು. ಎಗೊನ್ ಚಾಕು ಮಸೆಯಲು ಕೂತ. “ಈ ಸಲ ಮೊಟ್ಟೆ ನೀನೇ ಬೇಯಿಸ್ಕೋ. ನಾನೂ ಮೂರು ದಿನ ಊರು ನೋಡಕ್ಕೆ ಹೋಗ್ತೀನಿ” ಅಂದೆ.

“ಎಲ್ಲಿಗೆ?” ಅಂದ.

“ಯಾರೂ ಹೋಗದ ಊರಿಗೆ.”

“ಒಬ್ಳೇನಾ?”

“ಇಲ್ಲಿ ಮಾತ್ರ ಏನು ಇಬ್ರಿದೀವಾ?”

ಅವನು ಚಾಕು ಒರೆಸಿಟ್ಟು ಎದ್ದು ಹೊರಗೆ ಹೋದ. ಬಾಯಿ ಬಿಟ್ಟದ್ದಾಯಿತು, ಇನ್ನು ಹೋಗದೆ ವಿಧಿಯಿಲ್ಲ ಎಂದು ಪೆಟ್ಟಿಗೆ ತೆಗೆದು ನಾಲ್ಕು ಬಟ್ಟೆ ತುಂಬಿದೆ. ಬೇಡ ಹೋಗಬೇಡ ಎಂದು ಒಂದು ಮಾತು ಅನ್ನುತ್ತಾನೇನೋ ಎಂದು ಕಾದೆ. ಅನ್ನಲಿಲ್ಲ.

ಮಾರನೇ ಬೆಳಗ್ಗೆ ಬಾಗಿಲು ತೆರೆದರೆ ದ್ರಾಗಿತ್ಸಾ ಅಜ್ಜಿ ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಕೇಕು ಹಿಡಿದು ಅಳುತ್ತಿದ್ದಾಳೆ. ಹಿಂದೆ ಇನ್ನಿಬ್ಬರು ಹೆಂಗಸರು. “ಯಾರು ಹೋದ್ರೇ ನೆವೆಂಕಾ? ಎಗೊನ್ ಎಲ್ಲೇ?”

ಕವಲುದಾರಿಯಲ್ಲಿ ನಮ್ಮ ಕೊಂಬೆ ಇಲ್ಲವಂತೆ. ಪೀಪಾಯಿಯಲ್ಲಿ ವೈನ್ ಇರುವಾಗಲೇ ಕೊಂಬೆ ಇಳಿದಿದೆ ಎಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ನಮ್ಮೂರಿನ ಲೆಕ್ಕ. ಬೇರೆ ಯಾವ ಕಾರಣಕ್ಕೂ ಇಲ್ಲಿ ಯಾರೂ ಇಳಿಸಿದ್ದಿಲ್ಲ. ನಾನು ಎದ್ದಾಗ ಎಗೊನ್ ಹಾಸಿಗೆಯಲ್ಲಿರಲಿಲ್ಲ. ಬರಿಗಾಲಲ್ಲೇ ಓಡಿದೆ.

ಅರ್ಧ ದಾರಿಯಲ್ಲಿ ಎಗೊನ್ ಎದುರಾದ. ಕೊಂಬೆ ಅವನ ಹೆಗಲ ಮೇಲಿತ್ತು, ಎಲೆ ಇನ್ನೂ ಬಾಡಿರಲಿಲ್ಲ. ಹೆಂಗಸರು ಹಿಂದೆಯೇ ಬಂದಿದ್ದರು. “ಯಾರೂ ಸತ್ತಿಲ್ಲ. ನನ್ ಹೆಂಡ್ತಿ ಊರು ನೋಡಕ್ಕೆ ಹೋಗ್ತಾವ್ಳೆ, ನಾನೂ ಹೋಗ್ತಿದೀನಿ” ಅಂದ.

“ಇದಕ್ಕಿಂತ ಯಾರಾದ್ರೂ ಸತ್ತಿದ್ರೆ ಅರ್ಥವಾದ್ರೂ ಆಗ್ತಿತ್ತು” ಅಂದಳು ಅಜ್ಜಿ. ತಂದ ಕೇಕು ಹಾಳಾಗಬಾರದೆಂದು ಎಲ್ಲರೂ ಅಂಗಳದಲ್ಲಿ ಕೂತು ತಿಂದೆವು.

ನಾವು ಗುರುವಾರ ಹೊರಡುತ್ತೇವೆ. ಶುಕ್ರವಾರ ನೀವು ಬಂದರೆ ಕವಲುದಾರಿಯಲ್ಲಿ ಕೊಂಬೆ ಹುಡುಕಬೇಡಿ, ಮನೆಗೆ ಬೀಗ ಇರುತ್ತದೆ. ನಾಯಿಗೆ ಅನ್ನ ಹಾಕುವ ದ್ರಾಗಿತ್ಸಾ ಅಜ್ಜಿಯನ್ನು ಕೇಳಿಯೂ ಪ್ರಯೋಜನವಿಲ್ಲ, ಅವಳಿಗೂ ನಾವು ಹೇಳಿಲ್ಲ. ನಿಮ್ಮ ಮೇಲಿನ ಉರಿ ಆರಿತೆಂದು ತಿಳಿಯಬೇಡಿ, ಆರಿಲ್ಲ. ನಿನ್ನೆ ನಕಾಶೆ ಹರಡಿಕೊಂಡು ನಾವಿಬ್ಬರೂ ಒಂದು ಊರು ಆರಿಸಿದೆವು. ಪುಟ್ಟ ಊರು. ನಿಮ್ಮ ಪಟ್ಟಿಯಲ್ಲಿಲ್ಲ. ಅದರ ಹೆಸರು ಮಾತ್ರ ನಿಮಗೆ ಹೇಳಲಾರೆ, ಸಿನ್ಯೋರಾ, ನೀವು ಬರೆದುಬಿಡುತ್ತೀರಿ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಆದಷ್ಟು ಮಿಲಾನಿನಲ್ಲೇ ಇಟ್ಟಿರಲಿ.

ಎಗೊನ್‌ನ ಹೆಂಡತಿ,
ನೆವೆಂಕಾ